ಸೇತುವೆಯ ಮೇಲೆ ಎಂಬತ್ತೆಂಟು

ರಾತ್ರಿಪಾಳಿ ಮುಗಿಸಿ, ಕೈ ತೊಳೆದು,
ಆ ಸೋಪಿನ ವಾಸನೆಯಲ್ಲೇ ಬಸ್ಸು ಹತ್ತಿದೆವು
ಹಲ್‌ನಿಂದ ಲಂಡನ್ನಿಗೆ. ಜನವರಿಯ ಎರಡನೇ ವಾರ,
ಟಿಕೆಟ್ಟು ಅಗ್ಗ.
ಜುಲೇಖಾ ಸಿಂದಗಿಯವಳು, ನಾನು ತಿಪಟೂರಿನವಳು.
ಒಂದೇ ವಾರ್ಡು, ಒಂದೇ ಫ್ರಿಜ್ಜು,
ಫ್ರಿಜ್ಜಿನಲ್ಲಿ ಎರಡು ಉಪ್ಪಿನಕಾಯಿ ಜಾಡಿ, ಒಂದನ್ನೊಂದು ಮುಟ್ಟದಂತೆ.
ಒಂದೂವರೆ ದಿನದ ರಜೆಯಲ್ಲಿ
ಊರಿಗೆ ಊರನ್ನೇ ನೋಡಿಬಿಡುವ ಹಟ.

ದಾರಿಯುದ್ದಕ್ಕೂ ನಿದ್ದೆ.
ಕಣ್ಣು ಬಿಟ್ಟರೆ ಮಧ್ಯಾಹ್ನ,
ಬಿಸಿಲೆನ್ನಲಾಗದು ಅದನ್ನು,
ಅಕ್ಕಚ್ಚಿನಂಥ ಬೆಳಕು, ಬೀದಿ ತುಂಬ ಚೆಲ್ಲಿತ್ತು.

ಅರಮನೆಯ ಕಾವಲು ಬದಲಾಗುವ ದಿನ ಅದಲ್ಲವಂತೆ,
ಗೇಟಿನ ಹಲಗೆ ಹೇಳಿತು.
ಆದರೂ ಕಂಬಿಗೆ ಮೂಗು ಒತ್ತಿ ನಿಂತಿತ್ತು ಜನ.
"ಪಾಳಿ ಬದಲಾಗೂದು ನೋಡಾಕ ಇಷ್ಟು ಮಂದಿ!
ಬೆಳಿಗ್ಗೆ ಏಳಕ್ಕ ನಮ್ಮದೂ ಬದಲಾಗತೈತಿ,
ಒಂದಿನಾನಾದ್ರೂ ಯಾರರ ಬಂದಾರೇನು?"
ಎಂದಳು ಜುಲೇಖಾ. ಪಕ್ಕದ ಜಪಾನಿ ಅಜ್ಜಿ
ಏನೂ ತಿಳಿಯದೆ ತಲೆಬಾಗಿದಳು.

ಹೊಳೆ ದಂಡೆಯ ದೊಡ್ಡ ಚಕ್ರಕ್ಕೆ
ಇಬ್ಬರ ಟಿಕೆಟ್ಟೆಂದರೆ ವಾರದ ಅಕ್ಕಿ, ಬೇಳೆ, ಎಣ್ಣೆ.
ಕೆಳಗೇ ನಿಂತು
ಕತ್ತು ಒಂದು ಸುತ್ತು ತಿರುಗಿಸಿದೆವು. ಸಾಕಾಯಿತು.

ಮ್ಯೂಸಿಯಂ ಪುಕ್ಕಟೆ, ಮೇಲಾಗಿ ಬೆಚ್ಚಗಿತ್ತು.
ಮೂರು ಸಾವಿರ ವರ್ಷದ ಹೆಣದ ಮುಂದೆ
ನಾನು ಸುಮ್ಮನೆ ಕೈಮುಗಿಯಬೇಕೋ ಬೇಡವೋ ಎಂದುಕೊಳ್ಳುತ್ತಿದ್ದರೆ
ಅವಳು ಬಗ್ಗಿ ಹಿಮ್ಮಡಿ ಪರೀಕ್ಷಿಸಿದಳು:
"ಬ್ಯಾಂಡೇಜ್ ಕಟ್ಟಿದಾಕಿ ಭಾಳ ಶಾಣ್ಯಾಕಿ. ಎಲ್ಲೂ ಸಡಿಲಾಗಿಲ್ಲ."
ಬೆಂಚಿಗೆ ಒರಗಿದ್ದಷ್ಟೇ ನೆನಪು.
ಐದು ಗಂಟೆಗೆ ಕಾವಲುಗಾರ ಬಂದು ಎಬ್ಬಿಸಿದ, ಮೆತ್ತಗೆ,
ಸತ್ತವರಿಗೂ ನಮಗೂ ಇರುವ ವ್ಯತ್ಯಾಸ
ಅವನಿಗೆ ಚೆನ್ನಾಗಿ ಗೊತ್ತಿದ್ದಂತೆ.

ಹೊರಗೆ ಆಗಲೇ ಕತ್ತಲು.
ಹಗಲನ್ನು ನಿದ್ದೆಯಲ್ಲಿ ಕಳೆದವರು ನಾವು,
ಇಲ್ಲೂ ಅದೇ ಆಯಿತು.

ಸೇತುವೆಯ ಮೇಲೆ ಗಾಳಿಯೋ, ಕತ್ತಿಯೋ.
ಸಕ್ಕರೆಪಾಕದಲ್ಲಿ ಹುರಿದದ್ದನ್ನು ಕೊಂಡು
ನಾನು ಕಡ್ಲೆಕಾಯಿ ಅಂದೆ, ಅವಳು ಶೇಂಗಾ ಅಂದಳು,
ಮಾರುವವನು ತನ್ನ ಭಾಷೆಯಲ್ಲಿ ಇನ್ನೇನೋ ಅಂದ.
ಪೊಟ್ಟಣ ಮಾತ್ರ ಕೈ ಸುಡುತ್ತಿತ್ತು.

ಎದುರಿಗೆ ಗಡಿಯಾರ. ಹೊಂಬಣ್ಣ. ಅಷ್ಟೆತ್ತರ.
ಎಲ್ಲರ ಫೋನೂ ಅತ್ತ.
"ಸೆಕೆಂಡಿನ ಮುಳ್ಳ ಇಲ್ಲಲ್ಲ ಇದಕ್ಕ," ಅಂದಳು ಜುಲೇಖಾ,
"ನಾಡಿ ಎಣಸೂದು ಹ್ಯಾಂಗ?"
ಕೋಟಿನ ಗುಂಡಿ ಬಿಚ್ಚಿ
ಎದೆಗೆ ಚುಚ್ಚಿಕೊಂಡೇ ಬಂದಿದ್ದ ಡ್ಯೂಟಿ ಗಡಿಯಾರ ತಿರುವಿ
ನನ್ನ ಮಣಿಕಟ್ಟು ಹಿಡಿದಳು.
ಏಳು ಹೊಡೆಯಿತು ಮೇಲೆ. ಅವಳು ತುಟಿಯಲ್ಲಿ
ಬೇರೆಯೇ ಲೆಕ್ಕ ಎಣಿಸುತ್ತಿದ್ದಳು.
"ಎಂಬತ್ತೆಂಟು. ಚಳಿಗೋ, ಖುಷಿಗೋ,
ಬರಕೊಳ್ಳಾಕ ಚಾರ್ಟ್ ಇಲ್ಲ."

ಆಮೇಲೆ ಯಾಕೋ ಇಬ್ಬರೂ
ಗಡಿಯಾರಕ್ಕೆ ಬೆನ್ನು ಮಾಡಿ ಆಚೆ ದಡಕ್ಕೆ ತಿರುಗಿದೆವು.
ಅಲ್ಲಿ ಆಸ್ಪತ್ರೆ. ಸಾಲು ಸಾಲು ಕಿಟಕಿ.
ಆ ಬಿಳಿ ದೀಪ ನಮಗೆ ಯಾರೂ ತೋರಿಸಬೇಕಿಲ್ಲ.
ಆರನೇ ಮಾಳಿಗೆಯಲ್ಲಿ ನೀಲಿ ಬಟ್ಟೆಯ ಒಬ್ಬಳು
ಹಾಸಿಗೆಯೊಂದರ ಸುತ್ತ ಪರದೆ ಎಳೆಯುತ್ತಿದ್ದಳು.
ಒಳ್ಳೆಯದಕ್ಕೂ ಎಳೆಯುತ್ತಾರೆ, ಅದಕ್ಕೂ ಎಳೆಯುತ್ತಾರೆ.
ಜುಲೇಖಾ ಬಾಯಲ್ಲಿದ್ದ ಶೇಂಗಾ ಅಗಿಯುವುದು ನಿಲ್ಲಿಸಿದಳು.
ಕೆಳಗೆ ನದಿ, ಇಳಿತದ ಹೊತ್ತು, ಕೆಸರು ಹೊಳೆಯುತ್ತಿತ್ತು.

ಮರುದಿನ ಮಳೆ.
ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಕೆಂಪು ಬೀಗದೆಸಳು,
ತಮ್ಮಂದಿರಿಗೆ.

ಫೋಟೋ ಕಳಿಸಿದ್ದಕ್ಕೆ ಮನೆಯವರೆಲ್ಲ ಕೇಳಿದರು:
ಗಡಿಯಾರ ಎಲ್ಲಿ?
ಇಬ್ಬರ ಟೋಪಿಗಳ ನಡುವೆ, ಹಿಂದೆ, ದೂರ,
ಎಳ್ಳುಕಾಳಿನಷ್ಟು ಒಂದು ಕಿಟಕಿ.
ಪರದೆ ಇನ್ನೂ ಪೂರ್ತಿ ಎಳೆದಿಲ್ಲ.